ಉಸಿರ ಬುಗ್ಗೆಯ ಕಾಳಗ

ನೇಸ್ ಬಂಡೆಯವರೆಲ್ಲ ಸತ್ತುಹೋದ ಸುದ್ದಿಯನ್ನು ನಮ್ಮ ಸ್ಕಾಲ್ವಿಕ್ ಬಂಡೆಗೆ ತಂದವನು ಐವಿನ್. ತಿಮಿಂಗಿಲ ಬೇಟೆಗೆ ಹೊರಟಾಗ ಅವನ ಹಡಗಿನ ತುಂಬ ಜನರಿದ್ದರು. ಹಿಂದಿರುಗಿದ್ದು ಅವನೊಬ್ಬನೇ, ಅದೂ ಯಾರದೋ ಹರಕು ದೋಣಿಯಲ್ಲಿ.

ನಾನು ಆಗ ಬುಗ್ಗೆಯ ಕಟ್ಟೆಯ ಮೇಲೆ ಕೂತು ಉಸಿರುಚೀಲ ಹೊಲಿಯುತ್ತಿದ್ದೆ. ನಮ್ಮ ಆಕಾಶದ ಅರ್ಧವನ್ನು ತುಂಬಿಕೊಂಡು ಕೂತಿರುವ ದೊಡ್ಡ ಗ್ರಹವನ್ನು ನಾವು ಮುದುಕಿ ಎನ್ನುತ್ತೇವೆ. ಮುದುಕಿಯ ಬಳೆಯಲ್ಲಿ ಲೆಕ್ಕವಿಲ್ಲದಷ್ಟು ಹಿಮಬಂಡೆಗಳು ಸುತ್ತುತ್ತವೆ. ಆದರೆ ಉಸಿರು ಹುಟ್ಟುವುದು ಸ್ಕಾಲ್ವಿಕ್‌ನ ಬುಗ್ಗೆಯೊಂದರಲ್ಲೇ. ಹಿಮದ ಬಿರುಕಿನಿಂದ ಬೆಚ್ಚಗೆ ಮೇಲೇಳುವ ಆ ಗಾಳಿಯನ್ನು ಚೀಲಗಳಲ್ಲಿ ತುಂಬಿಕೊಂಡು, ತಿಮಿಂಗಿಲದ ಕರುಳಿನ ಕೊಳವೆಗಳಲ್ಲಿ ಹರಿಸಿಕೊಂಡು ಉಳಿದ ಬಂಡೆಗಳ ಜನ ಬದುಕುತ್ತಾರೆ. ಬಂಡೆಗಳ ನಡುವಿನ ಮಂಜಿನಲ್ಲಿ ಹಡಗು, ತಿಮಿಂಗಿಲಗಳು ತೇಲುತ್ತವೆ, ಮಾತು ಕೇಳಿಸುತ್ತದೆ, ಉಸಿರಾಡಲಾಗುವುದಿಲ್ಲ. ಮೂಗಿಗೆ ಚೀಲದ ನಳಿಗೆ ಇಲ್ಲದೆ ಹೊರಗೆ ಕಾಲಿಟ್ಟವನು ಒಂದು ಹಾಡು ಮುಗಿಯುವಷ್ಟರಲ್ಲಿ ನೀಲಿಯಾಗುತ್ತಾನೆ.

ಈ ಬುಗ್ಗೆಗಾಗಿ ಇಬ್ಬರು ಬಡಿದಾಡುತ್ತಿದ್ದರು. ಒಬ್ಬ ಗುಟ್ಟೋರ್ಮ್, ಕಪ್ಪು ಹಾಯಿಗಳ ಒಡೆಯ, ಬಳೆಯ ಹೊರ ಅಂಚಿನಿಂದ ಬಂದವನು. ಇನ್ನೊಬ್ಬಳು ರಾಗ್ನಾ, ನಮ್ಮವಳೇ, ಬುಗ್ಗೆಯ ಪಕ್ಕದಲ್ಲೇ ಹುಟ್ಟಿದವಳು. ಗುಟ್ಟೋರ್ಮ್ ಮೊದಲ ಸಲ ದಾಳಿಯಿಟ್ಟಾಗ ಅವನನ್ನು ಹೊಡೆದಟ್ಟಿದವಳು ಅವಳು. ಅವತ್ತು ನಾವೆಲ್ಲ ಅವಳನ್ನು ಹೆಗಲ ಮೇಲೆ ಹೊತ್ತು ಕುಣಿದಿದ್ದೆವು. ಆಮೇಲೆ ಅವಳು ಕೆಳಗಿಳಿಯಲೇ ಇಲ್ಲ. ವರ್ಷ ಕಳೆದಂತೆ ಅವಳ ಕೆಂಪು ಹಾಯಿಗೂ ಅವನ ಕಪ್ಪು ಹಾಯಿಗೂ ಬಣ್ಣವೊಂದನ್ನು ಬಿಟ್ಟು ವ್ಯತ್ಯಾಸ ಉಳಿಯಲಿಲ್ಲ.

ಐವಿನ್ ಅವಳ ತಮ್ಮ. ತಾಯಿ ಹೆರಿಗೆಯಲ್ಲೇ ಹೋದಳು. ತಿಮಿಂಗಿಲದ ಮಾಂಸವನ್ನು ಅಗಿದು ಮೆತ್ತಗೆ ಮಾಡಿ ಅವನ ಬಾಯಿಗಿಟ್ಟು ಸಾಕಿದವಳು ರಾಗ್ನಾ.

ದೋಣಿಯಿಂದ ಇಳಿದವನು ಯಾರ ಮುಖವನ್ನೂ ನೋಡದೆ ನೇರವಾಗಿ ಅವಳ ಮುಂದೆ ಹೋಗಿ ನಿಂತ. ಅವಳು ತನ್ನ ಆಳುಗಳ ನಡುವೆ ಕೂತು ಒಣಮಾಂಸ ಕೊಯ್ಯುತ್ತಿದ್ದಳು.

"ಬಂದ್ಯೇನೋ? ಬಾ, ಕೂತ್ಕೋ. ಬೇಟೆ ಸಿಕ್ತಾ?" ಎಂದಳು.

"ನೇಸ್‌ಗೆ ಹೋಗೋ ಕೊಳವೆಗೆ ಬಿರಡೆ ಹಾಕಿದ್ಯಾ ಅಕ್ಕ?"

"ಹಾಕಿದೀನಿ. ಗುಟ್ಟೋರ್ಮ್‌ನ ಹಡಗಿಗೆ ಜಾಗ ಕೊಟ್ರು. ನಾಲ್ಕು ದಿನ ಉಸಿರು ಕಟ್ಲಿ, ಬುದ್ಧಿ ಬರುತ್ತೆ."

"ಬುದ್ಧಿ ಬರೋಕೆ ಯಾರೂ ಉಳಿದಿಲ್ಲ."

ಅವಳ ಕತ್ತಿ ಮಾಂಸದ ಮೇಲೆಯೇ ನಿಂತಿತು. "ಯಾಕೆ? ಚೀಲಗಳಿದ್ವಲ್ಲ ಅವರ ಹತ್ರ. ದೋಣಿಗಳಿದ್ವಲ್ಲ."

"ಅದನ್ನೆಲ್ಲ ಗುಟ್ಟೋರ್ಮ್ ಯುದ್ಧಕ್ಕೆ ಅಂತ ಎತ್ಕೊಂಡು ಹೋಗಿದ್ದ. ಅವನು ಚೀಲ ತಗೊಂಡ, ನೀನು ಕೊಳವೆ ಮುಚ್ಚಿದೆ. ಇಬ್ರೂ ಸೇರಿ ಕೊಂದ್ರಿ. ನಾವು ಹೋದಾಗ ಎಲ್ರೂ ಕೊಳವೆ ಬಾಯಿ ಹತ್ರಾನೇ ರಾಶಿ ಬಿದ್ದಿದ್ರು, ಒಬ್ರ ಮೇಲೊಬ್ರು. ತಾಯಂದ್ರು ಮಕ್ಕಳನ್ನ ಮೇಲಕ್ಕೆ ಎತ್ತಿ ಹಿಡಿದಿದ್ರು, ಕೊಳವೆಗೆ ಬಾಯಿ ತಾಗ್ಲಿ ಅಂತ."

ಅವನ ಹಡಗಿನವರು ಹೆಚ್ಚಿನವರು ನೇಸ್‌ನವರೇ. ಆ ರಾಶಿಯಲ್ಲಿ ತಮ್ಮ ತಮ್ಮ ಮನೆಯವರನ್ನು ಕಂಡವರು ಹುಚ್ಚು ಹಿಡಿದವರಂತೆ ಕೊಡಲಿಗಳನ್ನು ಎತ್ತಿಕೊಂಡು, ಹತ್ತಿರದಲ್ಲೇ ಬೀಡುಬಿಟ್ಟಿದ್ದ ಗುಟ್ಟೋರ್ಮ್‌ನ ಮೇಲೆ ಬಿದ್ದರು. ಅವನು ಒಬ್ಬನನ್ನೂ ಉಳಿಸದೆ ಕಡಿದು ಹಾಕಿ ಹಡಗು ಕಿತ್ತುಕೊಂಡ. ಹೆಣಗಳನ್ನು ಹಿಮಕ್ಕೆ ಒಪ್ಪಿಸಲು ನೇಸ್‌ನಲ್ಲೇ ಉಳಿದಿದ್ದ ಐವಿನ್ ಒಬ್ಬ ಬದುಕಿಕೊಂಡು, ಆ ಹೊಡೆದಾಟದಿಂದ ತೇಲಿಬಂದ ಹರಕು ದೋಣಿ ಹತ್ತಿ ಬಂದಿದ್ದ.

ರಾಗ್ನಾ ಕತ್ತಿಯನ್ನು ಕೆಳಗಿಟ್ಟಳು. "ನನಗೆ ಗೊತ್ತಿರ್ಲಿಲ್ಲ ಕಣೋ," ಎಂದಳು.

"ಗೊತ್ತಿದ್ರೆ ಬಿರಡೆ ತೆಗೀತಿದ್ಯಾ?"

ಸುಳ್ಳು ಹೇಳುವ ಅಭ್ಯಾಸ ಅವಳಿಗೆ ಯಾವತ್ತೂ ಇರಲಿಲ್ಲ. "ಇಲ್ಲ," ಎಂದಳು.

ಐವಿನ್ ತನ್ನ ಬೇಟೆಯ ಈಟಿಯನ್ನು ಅವಳ ಕಾಲ ಬಳಿ ನೆಲಕ್ಕೆ ಚುಚ್ಚಿ, ಊರಿಗೆಲ್ಲ ಕೇಳುವಂತೆ ಕೂಗಿದ. "ಬುಗ್ಗೆ ಪಕ್ಕ ಹುಟ್ಟಿದವನು ಕರೀತಿದೀನಿ. ಬುಗ್ಗೆ ನಂದು ಅನ್ನೋ ರಾಗ್ನಾ ಹೋಲ್ಮ್‌ಗೆ ಬರ್ಲಿ. ಬುಗ್ಗೆ ನಂದು ಅನ್ನೋ ಗುಟ್ಟೋರ್ಮ್ ಹೋಲ್ಮ್‌ಗೆ ಬರ್ಲಿ. ಒಂದೇ ದಿನ. ಇಬ್ರೂ."

ಹೋಲ್ಮ್ ಎಂದರೆ ಬುಗ್ಗೆಯ ಎದುರಿಗೆ ಹಗ್ಗಗಳಿಂದ ಕಟ್ಟಿ ನಿಲ್ಲಿಸಿರುವ ಬೋಳು ಬಂಡೆ. ಬುಗ್ಗೆಯ ಪಕ್ಕ ಹುಟ್ಟಿದ ಯಾರೇ ಆಗಲಿ, ಬುಗ್ಗೆಯ ಮೇಲೆ ಹಕ್ಕು ಹೇಳುವವರನ್ನು ಅಲ್ಲಿಗೆ ಕರೆಯಬಹುದು. ಇಬ್ಬರು ಹೋಗುತ್ತಾರೆ, ಒಬ್ಬರು ಬರುತ್ತಾರೆ. ಬರಲಾರೆ ಎಂದವರ ಆಳುಗಳ ಆಣೆ ಅಲ್ಲಿಗೇ ಮುರಿದಂತೆ; ಮತ್ತೆ ಯಾರೂ ಅವರಿಗಾಗಿ ಕತ್ತಿ ಎತ್ತಬೇಕಾಗಿಲ್ಲ. ನಮ್ಮ ತಾತಂದಿರ ಕಾಲದ ನಂತರ ಯಾರೂ ಹಾಗೆ ಕರೆದಿರಲಿಲ್ಲ.

"ತಲೆ ಕೆಟ್ಟಿದೆಯೇನೋ ನಿಂಗೆ?" ಎಂದಳು ರಾಗ್ನಾ. "ಒಬ್ಬನ್ನ ಗೆದ್ರೂ ಇನ್ನೊಬ್ಬರ ಮುಂದೆ ನಿಲ್ಲೋಕೆ ಆಗಲ್ಲ."

"ಎಷ್ಟೋ ವರ್ಷದ ಹಿಂದೆ, ಮೊದಲ್ನೇ ದಿನಾನೇ, ನೀನು ಅವನನ್ನ ಹೋಲ್ಮ್‌ಗೆ ಕರೀಬಹುದಿತ್ತು."

"ಸೋತಿದ್ರೆ?"

"ಸೋತಿದ್ರೆ ಒಬ್ಬಳು ಸಾಯ್ತಿದ್ದೆ."

ರಾಗ್ನಾ ಈಟಿಯನ್ನು ಕಿತ್ತು ಅವನ ಕೈಗೆ ಎಸೆದಳು. ಒಪ್ಪಿದ್ದೇನೆ ಎಂಬುದಕ್ಕೆ ಅದೇ ಗುರುತು.

ಅವತ್ತೇ ದೋಣಿಯೊಂದು ಗುಟ್ಟೋರ್ಮ್‌ಗೆ ಕರೆ ಒಯ್ದಿತು; ಅವನು ಮಾರನೆಯ ಬೆಳಿಗ್ಗೆಯೇ ಬಂದ. ಕಪ್ಪು ಹಾಯಿಗಳು ಹೋಲ್ಮ್‌ನ ಒಂದು ಕಡೆ ಸಾಲುಗಟ್ಟಿದವು, ಕೆಂಪು ಹಾಯಿಗಳು ಇನ್ನೊಂದು ಕಡೆ. ಗುಟ್ಟೋರ್ಮ್‌ನದು ಭಾರಿ ಮೈ, ಎರಡು ಜಡೆ ಹಾಕಿದ ಗಡ್ಡ, ಮದುವೆಗೆ ಬಂದವನಂತೆ ನಗುಮುಖ. ಮೊದಲು ಯಾರು ಇಳಿಯಬೇಕು ಎಂಬುದಕ್ಕೆ ಶುರುವಾಯಿತು ನೋಡಿ ಚೌಕಾಸಿ! ಇಬ್ಬರಿಗೂ ಎರಡನೆಯವರಾಗುವ ಆಸೆ. ಮೊದಲನೆಯವರು ಸತ್ತರೆ ವೈರಿ ತಾನಾಗಿಯೇ ಹೋದಂತೆ, ಆಮೇಲೆ ದಣಿದ ಐವಿನ್‌ನನ್ನು ಮುಗಿಸುವುದು ಎಷ್ಟರ ಕೆಲಸ.

"ಹೆಂಗಸ್ರು ಮೊದಲು. ಅದು ಮರ್ಯಾದೆ," ಎಂದ ಗುಟ್ಟೋರ್ಮ್.

"ವಯಸ್ಸಾದವರು ಮೊದಲು. ಸಂಜೆವರೆಗೂ ನೀನು ಬದುಕಿರ್ತೀಯೋ ಇಲ್ವೋ," ಎಂದಳು ರಾಗ್ನಾ.

ಕಟ್ಟಳೆ ಹೇಳುವ ಹೆರಾಲ್ವ್ ಅಜ್ಜನಿಗೆ ಸಾಕಾಗಿ ಹೋಯಿತು. "ಸಾಯೋಕೂ ಸರದಿ ಬೇಕೇನ್ರೋ ನಿಮಗೆ? ಮುಚ್ಚಿ ಬಾಯಿ!" ಎಂದು ಗದರಿ ತಿಮಿಂಗಿಲದ ಹಲ್ಲೊಂದನ್ನು ಮೇಲಕ್ಕೆಸೆದ. ಅದು ನಿಧಾನವಾಗಿ ತಿರುಗುತ್ತ ಬಂದು ಕಪ್ಪು ಹಾಯಿಗಳ ಮಗ್ಗುಲಿಗೆ ಬಿತ್ತು. ಗುಟ್ಟೋರ್ಮ್ ಮೊದಲು.

ಐವಿನ್‌ನ ಬೆನ್ನಿಗೆ ಚೀಲ ಕಟ್ಟಿದವಳು ನಾನೇ. ಗಂಟು ಬಿಗಿದೆ. "ಹೆದರಿಕೆನಾ?" ಎಂದೆ. "ಹೂಂ," ಎಂದ. ಮುಳ್ಳಿನ ಜೋಡು ಮೆಟ್ಟಿ, ಈಟಿ ಗುರಾಣಿ ಹಿಡಿದು, ಹಗ್ಗ ಹಿಡಿದುಕೊಂಡು ಹೋಲ್ಮ್‌ಗೆ ದಾಟಿದ.

ಗುಟ್ಟೋರ್ಮ್ ಕೊಡಲಿಯನ್ನು ಹೆಗಲ ಮೇಲಿಟ್ಟುಕೊಂಡು ಕಾದಿದ್ದ. "ಬಾರೋ ಬೆಸ್ತ! ನಿನ್ನ ಹಡಗಿನವರು ನಿನ್ನನ್ನ ಬಹಳ ನೆನೆಸ್ಕೊಂಡ್ರು. ಒಬ್ಬನಂತೂ ಕಾಲು ಹೋದ್ಮೇಲೂ ತೆವಳ್ಕೊಂಡು ಬಂದು ನನ್ನ ಜೋಡು ಕಚ್ಚಿದ. ಒಳ್ಳೇ ಹುಡುಗ್ರು!"

ಐವಿನ್ ಗುರಾಣಿ ಎತ್ತಿದ. ಗುಟ್ಟೋರ್ಮ್ ನೆಲ ಒದ್ದು ಮೇಲಕ್ಕೆ ಹಾರಿದ. ನಮ್ಮಲ್ಲಿ ಮೈ ಹಗುರ. ಹಾರಿದವನು ಬೇಗ ಇಳಿಯುವುದಿಲ್ಲ, ಆದರೆ ಕೊಡಲಿಯ ಪೆಟ್ಟು ಪೆಟ್ಟೇ. ಮೊದಲ ಹೊಡೆತಕ್ಕೇ ಗುರಾಣಿ ನಡುವೆ ಸೀಳಿತು. ಎರಡನೆಯದು ಐವಿನ್‌ನ ತೊಡೆಯನ್ನು ಬಗೆಯಿತು. ರಕ್ತ ಕೆಳಗೆ ಬೀಳದೆ ಹನಿಹನಿಯಾಗಿ ತೇಲಿ, ತಣ್ಣಗಾಗಿ ಗಟ್ಟಿಯಾಗಿ, ಕೆಂಪು ಮಣಿಗಳಂತೆ ಗುರಾಣಿಗೆ ಟಣಟಣ ತಾಗಿತು. ಕಪ್ಪು ಹಾಯಿಗಳ ಕಡೆಯಿಂದ ಕೇಕೆ ಎದ್ದಿತು.

"ಚೀಲಕ್ಕೆ ಹೊಡೆಯೋಲ್ಲ ಕಣೋ, ಬೇಜಾರು ಮಾಡ್ಕೋಬೇಡ," ಎಂದ ಗುಟ್ಟೋರ್ಮ್. "ನೀನು ಬೇಗ ಹೋದ್ರೆ ಈ ಜನಕ್ಕೆಲ್ಲ ಮೋಸ."

ಮೂರನೆಯ ಸಲ ಅವನು ಹಾರಿದಾಗ ಐವಿನ್ ಹಿಂದೆ ಸರಿಯದೆ ಅವನು ಇಳಿಯುವ ಜಾಗಕ್ಕೇ ನುಗ್ಗಿದ. ಹಾರಿದ ತಿಮಿಂಗಿಲ ಎಲ್ಲಿ ಇಳಿಯುತ್ತದೆ ಎಂದು ನೋಡಿ ನೋಡಿ ಪಳಗಿದ ಕಣ್ಣು ಅದು. ಗುಟ್ಟೋರ್ಮ್‌ನ ಕಾಲು ಹಿಮಕ್ಕೆ ತಾಗುವ ಹೊತ್ತಿಗೆ ಈಟಿ ಅವನ ಪಾದವನ್ನು ತೂರಿ ಬಂಡೆಯೊಳಗೆ ಹೂತುಕೊಂಡಿತು. ಕೊಕ್ಕೆಯಿದ್ದ ಈಟಿ, ಕೀಳಲಾಗದು. ಗುಟ್ಟೋರ್ಮ್ ಆಗಲೂ ನಗುತ್ತಿದ್ದ. ನಗುತ್ತಲೇ ಬಗ್ಗಿ ಈಟಿಯ ಕೋಲನ್ನು ಕಡಿದ. ಅದೇ ಅವನ ತಪ್ಪು. ಬಗ್ಗಿದ ತಲೆಯ ಗಡ್ಡದ ಜಡೆಯನ್ನು ಐವಿನ್ ಕೈಗೆ ಸುತ್ತಿಕೊಂಡು ಎಳೆದು, ಕಡಿದು ಮೊನೆಯಾಗಿದ್ದ ಕೋಲನ್ನು ಗದ್ದದ ಕೆಳಗಿನಿಂದ ಮೇಲಕ್ಕೆ ನಾಟಿದ. ಒಂದು ಸಲಕ್ಕೆ ಹೋಗಲಿಲ್ಲ. ಭುಜ ಕೊಟ್ಟು ಮತ್ತೆ ತಳ್ಳಿದ. ಗುಟ್ಟೋರ್ಮ್‌ನ ಕೈಗಳು ಐವಿನ್‌ನ ಮುಖವನ್ನು ತಡಕಿ, ಪರಚಿ, ಹಾಗೆಯೇ ಸಡಿಲವಾದವು. ಹೆಣ ಬೀಳಲಿಲ್ಲ. ಪಾದ ಬಂಡೆಗೆ ಸಿಕ್ಕಿಕೊಂಡಿದ್ದರಿಂದ ಕುಡಿದವನಂತೆ ತೂಗಾಡುತ್ತ ನಿಂತೇ ಇತ್ತು.

ಕೇಕೆ ನಿಂತುಹೋಯಿತು.

ಐವಿನ್ ಅವನ ಕೊಡಲಿಯನ್ನು ಎತ್ತಿಕೊಂಡು ಕೆಂಪು ಹಾಯಿಗಳ ಕಡೆ ತಿರುಗಿದ. ನಿಲ್ಲಲು ಕಷ್ಟಪಡುತ್ತಿದ್ದ. ರಾಗ್ನಾ ಹಗ್ಗ ಹಿಡಿದು ದಾಟಿ ಬಂದಳು. ಬೆನ್ನಿಗೆ ಒಂದು ಚೀಲ, ಕೈಯಲ್ಲಿ ಇನ್ನೊಂದು.

"ತಗೋ, ಚೀಲ ಬದಲಾಯಿಸ್ಕೋ. ಉಸಿರಿಲ್ದೆ ಸತ್ತ ಅನ್ನೋ ಮಾತು ನನಗೆ ಬೇಡ."

ಅವನು ಬದಲಾಯಿಸಿಕೊಂಡ. ತೊಡೆಗೆ ಪಟ್ಟಿ ಬಿಗಿದುಕೊಳ್ಳುವವರೆಗೂ ಅವಳು ಕಾದಳು. ಆಮೇಲೆ ಉದ್ದನೆಯ ಕತ್ತಿಯನ್ನು ಹಿರಿದು, ಮುನ್ಸೂಚನೆಯೇ ಇಲ್ಲದೆ ಮೇಲೆ ಬಿದ್ದಳು.

ಗುಟ್ಟೋರ್ಮ್‌ನದು ಬಲದ ಯುದ್ಧವಾದರೆ ಇವಳದು ವೇಗದ್ದು. ಕತ್ತಿ ಎಲ್ಲಿದೆ ಎಂದು ಕಣ್ಣಿಗೆ ಸಿಗುವುದರೊಳಗೆ ಐವಿನ್‌ನ ಕೆನ್ನೆ ಹರಿದಿತ್ತು, ಪಕ್ಕೆ ಹರಿದಿತ್ತು. ಅವನು ಕೊಡಲಿಯಿಂದ ತಡೆಯುತ್ತ, ಕುಂಟುತ್ತ, ಬಂಡೆಯ ಅಂಚಿಗೆ ಸುತ್ತಲೂ ಕಟ್ಟಿದ್ದ ಹಗ್ಗದವರೆಗೂ ಸರಿದ. ಹಗ್ಗದಾಚೆ ಬಿದ್ದವನು ಬಳೆಯೊಳಗೆ ತೇಲಿಹೋಗುತ್ತಾನೆ. ಹೆಣ ಕೂಡ ಸಿಗುವುದಿಲ್ಲ.

"ಸೋತೆ ಅನ್ನು. ಬಿಟ್ಬಿಡ್ತೀನಿ," ಎಂದಳು ಅವಳು.

"ಬುಗ್ಗೆ ಬಿಟ್ಟೆ ಅನ್ನು. ನಾನೂ ಬಿಡ್ತೀನಿ."

ಆಗಲೇ ಗುಟ್ಟೋರ್ಮ್‌ನ ಚುಕ್ಕಾಣಿಗ ಸ್ಟೆಯ್ನ್ ಕಟ್ಟಳೆ ಮುರಿದ. ಒಡೆಯ ಹೋದ, ಈಗ ರಾಗ್ನಾಳೂ ಅವಳ ತಮ್ಮನೂ ಒಂದೇ ಬಂಡೆಯ ಮೇಲೆ, ಕಾವಲಿಲ್ಲದೆ ಸಿಕ್ಕಿದ್ದಾರೆ. ಇಂಥ ಹೊತ್ತು ಇನ್ನೊಮ್ಮೆ ಬಾರದು ಎಂದುಕೊಂಡಿರಬೇಕು. ಕೆಂಪು ಹಾಯಿಗಳ ಕಡೆಯಿಂದ ಹೋಲ್ಮ್‌ಗೆ ಕಟ್ಟಿದ್ದ ಹಗ್ಗಗಳನ್ನು ಅವನ ಜನ ಬಾಣದಂತೆ ಬಂದು ಕಡಿದುಹಾಕಿದರು. ಉಳಿದವರು ಕಪ್ಪು ಹಡಗುಗಳಿಂದ ಕೂಗುತ್ತ ಬಂಡೆಯ ಮೇಲೆ ಉದುರಿದರು.

"ಅಕ್ಕಾ, ಹಿಂದೆ!" ಎಂದು ಐವಿನ್ ಅರಚಿದ.

ರಾಗ್ನಾ ತಿರುಗುತ್ತಲೇ ಮೊದಲನೆಯವನ ಗಂಟಲು ಸೀಳಿದಳು. ಎರಡು ಹೆಜ್ಜೆಯಲ್ಲಿ ಅಕ್ಕ ತಮ್ಮ ಬೆನ್ನಿಗೆ ಬೆನ್ನು ಕೊಟ್ಟು ನಿಂತಿದ್ದರು. ಯಾರೂ ಯಾರನ್ನೂ ಕರೆಯಲಿಲ್ಲ, ಕೇಳಲಿಲ್ಲ.

ಅದು ಕಾಳಗವಲ್ಲ, ಕಟುಕರ ಕೆಲಸ. ಈಚೆ ಸ್ಕಾಲ್ವಿಕ್‌ನ ಅಂಚಿನಲ್ಲಿ ನಿಂತ ನಮಗೆ ಕೆಂಪು ಮಂಜಿನೊಳಗೆ ಕೈಗಳು, ಕೊಡಲಿಗಳು, ಹರಿದ ಚೀಲಗಳು ಮಾತ್ರ ಕಾಣುತ್ತಿದ್ದವು. ರಾಗ್ನಾ ಮನುಷ್ಯರಿಗೆ ಹೊಡೆಯುವುದನ್ನೇ ಬಿಟ್ಟು ಚೀಲಗಳಿಗೆ ಹೊಡೆಯತೊಡಗಿದಳು. ಚೀಲ ಸೀಳಿದವನು ಆಯುಧ ಬಿಸಾಡಿ, ಎರಡೂ ಕೈಯಿಂದ ಹರಕನ್ನು ಮುಚ್ಚಲು ಒದ್ದಾಡುತ್ತ ಮಂಡಿಯೂರುತ್ತಿದ್ದ. ಮಂಡಿಯೂರಿದವನ ತಲೆಗೆ ಐವಿನ್‌ನ ಕೊಡಲಿ ಬೀಳುತ್ತಿತ್ತು. ಒಬ್ಬ ಸಾಯುತ್ತಿದ್ದವನು ಪಕ್ಕದವನ ನಳಿಗೆಯನ್ನು ಕಿತ್ತು ತನ್ನ ಮೂಗಿಗೆ ಇಟ್ಟುಕೊಂಡ. ಗೆಳೆಯರಿಬ್ಬರೂ ಒಂದೇ ನಳಿಗೆಗಾಗಿ ಒಬ್ಬರ ಕಣ್ಣನ್ನೊಬ್ಬರು ಕೀಳುತ್ತ ಹಗ್ಗದಾಚೆ ಉರುಳಿ ತೇಲಿಹೋದರು.

ಸ್ಟೆಯ್ನ್ ಹೆಣಗಳ ಹಿಂದಿನಿಂದ ಹೊಂಚಿ ಬಂದು ರಾಗ್ನಾಳ ಬೆನ್ನಿನ ಚೀಲಕ್ಕೆ ಕೊಡಲಿ ಬೀಸಿದ. ಐವಿನ್‌ನ ಬಲಗೈಯ ಕೊಡಲಿ ಇನ್ನೊಬ್ಬನ ಪಕ್ಕೆಯಲ್ಲಿ ಸಿಕ್ಕಿಕೊಂಡಿತ್ತು. ಅವನು ಎಡಗೈಯನ್ನು ಅಡ್ಡ ಕೊಟ್ಟ. ಮಣಿಕಟ್ಟಿನಿಂದ ಕೆಳಗಿನದು ಹೋಯಿತು. ರಾಗ್ನಾ ಹಿಂದಿರುಗಿ ನೋಡಿ, ಸ್ಟೆಯ್ನ್‌ನ ಹೊಟ್ಟೆಗೆ ಕತ್ತಿಯನ್ನು ಹಿಡಿಯವರೆಗೂ ಇಳಿಸಿ, ಎತ್ತಿ ಹಗ್ಗದಾಚೆ ಎಸೆದಳು.

ಅಷ್ಟರಲ್ಲಿ ಅವಳ ಕಡೆಯವರು ಹೊಸ ಹಗ್ಗಗಳನ್ನು ಎಸೆದು ದಾಟಿ ಬಂದರು. ಕಪ್ಪು ಹಾಯಿಯವರಲ್ಲಿ ಉಳಿದವರು ಆಯುಧ ಚೆಲ್ಲಿ ಹಡಗುಗಳತ್ತ ಓಡಿದರು. ಅವರನ್ನು ಯಾರೂ ಅಟ್ಟಿಸಿಕೊಂಡು ಹೋಗಲಿಲ್ಲ.

ರಾಗ್ನಾ ಮಂಡಿಯೂರಿ, ತುಂಡು ಹಗ್ಗದಿಂದ ತಮ್ಮನ ಮೋಟುಗೈಯನ್ನು ಬಿಗಿದು ಕಟ್ಟಿದಳು. ಅವನು ಹಲ್ಲು ಕಚ್ಚಿ ಕೂತಿದ್ದ.

"ನೋಯುತ್ತಾ?"

"ಕೇಳೋ ಮಾತಾ ಅದು?"

ಅವಳು ನಕ್ಕಳು. ಅವಳು ನಕ್ಕಿದ್ದನ್ನು ನಾವು ಕಂಡು ವರ್ಷಗಳಾಗಿದ್ದವು. ಯಾಕುಪ್ ಎಂಬ ಅವಳ ನೆಚ್ಚಿನ ಆಳು ಮುಂದೆ ಬಂದು, "ಮುಗೀತಲ್ಲ ಒಡತಿ, ಗುಟ್ಟೋರ್ಮ್ ಸತ್ತ. ತಮ್ಮನ್ನ ಎತ್ಕೊಂಡು ನಡೀರಿ," ಎಂದ. ಅಂಚಿನಲ್ಲಿದ್ದ ನಾವೂ ಹಾಗೆಯೇ ಅಂದುಕೊಂಡೆವು.

ಐವಿನ್ ಕೊಡಲಿಯನ್ನೂರಿ ಎದ್ದು ನಿಂತ. "ಅಕ್ಕ, ಅವನಿಲ್ಲ ಈಗ. ಯಾರಿಂದ ಕಾಯ್ಬೇಕು ಬುಗ್ಗೇನ? ಬಿಟ್ಬಿಡು. ಬಿರಡೆಗಳನ್ನೆಲ್ಲ ಕಿತ್ತಾಕು. ನಾವಿಬ್ರೂ ಮನೆಗೆ ಹೋಗೋಣ."

ಅವಳು ಸುತ್ತ ನೋಡಿದಳು. ತನ್ನ ಹಡಗುಗಳನ್ನು, ತನ್ನ ಆಳುಗಳನ್ನು. "ಇವರಪ್ಪಂದಿರನ್ನ, ಅಣ್ಣಂದಿರನ್ನ ಈ ಬುಗ್ಗೆಗೆ ಅಂತಾನೇ ಸಾಯಿಸಿದೀನಿ ಕಣೋ. ಇವತ್ತು ಬಿಟ್ಟೆ ಅಂದ್ರೆ ಅವರೆಲ್ಲ ಯಾಕೆ ಸತ್ರು ಅಂತ ಹೇಳ್ಲಿ? ಇವನು ಹೋದ್ರೆ ನಾಳೆ ಇನ್ನೊಬ್ಬ ಬರ್ತಾನೆ. ಕೊಳವೆ ಮೇಲೆ ಯಾರಾದ್ರೂ ಕೈ ಇಟ್ಟಿರ್ಲೇಬೇಕು."

"ನೇಸ್‌ನವರಿಗೆ ಹೇಳು ಅದನ್ನ."

ಅವಳ ಮುಖ ಬಿಗಿಯಿತು. ಯಾಕುಪ್‌ಗೆ ದೂರ ಹೋಗುವಂತೆ ಕೈ ಮಾಡಿದಳು. ಕತ್ತಿಯ ರಕ್ತ ಒರೆಸಿದಳು. "ಸರಿ. ಹೋಲ್ಮ್ ಅಂದ್ರೆ ಹೋಲ್ಮ್. ಬಾ, ಮುಗಿಸೋಣ."

ಒಂದೇ ಕೈ, ಒಂದೂವರೆ ಕಾಲು. ಅವನು ಹಾರಲೂ ಆರ, ಓಡಲೂ ಆರ. ಅವಳು ಸುತ್ತ ತಿರುಗುತ್ತ ಅವನನ್ನು ದಣಿಸಿದಳು, ಎರಡು ಸಲ ಚುಚ್ಚಿದಳು. ಮೂರನೆಯ ಸಲ ನೇರವಾಗಿ ಬಂದಾಗ ಅವನು ತಡೆಯಲಿಲ್ಲ. ಮೈಯನ್ನು ತುಸು ಹೊರಳಿಸಿ ಮುಂದಕ್ಕೇ ನಡೆದ. ಕತ್ತಿ ಅವನ ಭುಜವನ್ನು ತೂರಿ ಹಿಂದಿನಿಂದ ಹೊರಬಂತು. ಅವಳು ಅವನಿಗೆ ಅಂಟಿಕೊಂಡಂತೆ ಬಂದು ನಿಂತಳು. ಅಷ್ಟು ಹತ್ತಿರದಿಂದ ಅವನು ಕೊಡಲಿಯನ್ನು ಅವಳ ಕುತ್ತಿಗೆಯ ಬುಡಕ್ಕೆ ಇಳಿಸಿದ.

ಅವಳು ಬೇಕೆಂದೇ ಭುಜಕ್ಕೆ ಚುಚ್ಚಿದಳು, ತಮ್ಮನ ಎದೆಗೆ ಗುರಿಯಿಡಲು ಮನಸ್ಸು ಬರಲಿಲ್ಲ ಎಂದು ಹೇಳುವವರು ನಮ್ಮಲ್ಲಿ ಈಗಲೂ ಇದ್ದಾರೆ. ನಾನು ನೋಡಿದ್ದೇನೆ. ಎದೆಗೇ ಗುರಿಯಿಟ್ಟಿದ್ದಳು.

ಅವಳು ಸಾಯಲು ಸ್ವಲ್ಪ ಹೊತ್ತು ಹಿಡಿಯಿತು. ಅವನು ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ತನ್ನ ನಳಿಗೆಯನ್ನು ಕಿತ್ತು ಅವಳ ಮೂಗಿಗೆ ಹಿಡಿದ. ಅವಳ ಚೀಲ ತುಂಬಿಯೇ ಇತ್ತು, ಆ ಗಾಳಿ ಅವಳಿಗೆ ಬೇಕಾಗಿರಲಿಲ್ಲ. ಆದರೂ ಹಿಡಿದ. ಅವನ ತುಟಿ ನೀಲಿಗಟ್ಟತೊಡಗಿದಾಗ ಹೆರಾಲ್ವ್ ಅಜ್ಜನೂ ನಾನೂ ಹಗ್ಗ ದಾಟಿ ಹೋಗಿ, ಬೈದು ಬಡಿದು ಅವನ ಮೂಗಿಗೆ ನಳಿಗೆ ತುರುಕಿದೆವು. ರಾಗ್ನಾಳ ಆಳುಗಳಲ್ಲಿ ಒಬ್ಬನೂ ನಮಗೆ ಕೈಜೋಡಿಸಲಿಲ್ಲ.

ಕಟ್ಟಳೆಯಂತೆ ಬುಗ್ಗೆ ಅವನದಾಯಿತು. ಜ್ವರದಲ್ಲಿ ಬೇಯುತ್ತ ಮಲಗಿದ್ದವನು ಕೊಳವೆಗಳ ಬಿರಡೆಗಳನ್ನೆಲ್ಲ ಕೀಳಿಸಿ ಕರಗಿಸಿಬಿಡಲು ಹೇಳಿದ. ಹಾಗೆಯೇ ಮಾಡಿದೆವು. ಅಕ್ಕನನ್ನು ಅವಳ ಕೆಂಪು ಹಾಯಿಯಲ್ಲೇ ಸುತ್ತಿ ಮುದುಕಿಯ ಕಡೆಗೆ ತೇಲಿಬಿಟ್ಟೆವು. ಅವನು ಹಾಸಿಗೆಯಿಂದ ಏಳಲಾರದೆ ಕಿಂಡಿಯಿಂದ ನೋಡಿದ.

ಆ ಚಳಿಗಾಲದಲ್ಲಿ ಅವಳ ಆಳುಗಳಲ್ಲಿ ಮೂವರು ಅವನನ್ನು ಕೊಲ್ಲಲು ಬಂದರು. ಇಬ್ಬರನ್ನು ಅವನು ಕೊಂದ. ಮೂರನೆಯವನು ಯಾಕುಪ್. ಅವನ ದವಡೆ ಮುರಿದು, ಎದೆಯ ಮೇಲೆ ಮಂಡಿಯೂರಿ, ಅವನದೇ ಚೂರಿಯನ್ನು ಕಣ್ಣ ಹತ್ತಿರ ತಂದ ಐವಿನ್, ಅದನ್ನು ಆಚೆ ಬಿಸಾಡಿದ. ಆಮೇಲೆ ಎದ್ದು ಹೋಗಿ ಅವನಿಗೆ ಕುಡಿಯಲು ನೀರು ತಂದ.

ದವಡೆ ಕೂಡಿ ಮಾತು ಬಂದ ಮೇಲೆ ಯಾಕುಪ್ ಕೇಳಿದ್ದು ಅದೊಂದನ್ನೇ. "ಯಾಕೆ ಬಿಟ್ಟೆ ನನ್ನ?"

"ನೀನು ಅವಳನ್ನ ನೆನೆಸ್ಕೊಂಡು ಅಳ್ತೀಯ," ಎಂದ ಐವಿನ್. "ಈ ಊರಲ್ಲಿ ಇನ್ಯಾರೂ ಅಳಲ್ಲ. ನಿನ್ನನ್ನೂ ಕೊಂದ್ರೆ ನಾನು ಯಾರ ಜೊತೆ ಮಾತಾಡ್ಲಿ?"

ಯಾಕುಪ್ ಊರು ಬಿಟ್ಟು ಹೋಗಲಿಲ್ಲ. ಈಗ ಬುಗ್ಗೆಯ ಬಾಯಲ್ಲಿ ಇಬ್ಬರೂ ಕೂಡಿ ಚೀಲ ತುಂಬುತ್ತಾರೆ. ಒಬ್ಬನಿಗೆ ಒಂದೇ ಕೈಯಾದ್ದರಿಂದ ಇನ್ನೊಬ್ಬ ಚೀಲದ ಬಾಯಿ ಹಿಡಿಯಬೇಕು. ದಿನವೂ ಜಗಳವಾಡುತ್ತಾರೆ. ಕಪ್ಪು ಹಾಯಿಯ ದೋಣಿ ಬಂದರೂ ಸರದಿಯಲ್ಲಿ ನಿಲ್ಲಿಸಿ, ಬೈದುಕೊಂಡೇ ತುಂಬಿ ಕೊಡುತ್ತಾರೆ.